ಬೂದು ಕೋಟಿನ ಒಳಜೇಬು

ಕಿಟ್ವೆ
೧೩ ಡಿಸೆಂಬರ್ ೧೯೯೮

ತಮ್ಮ ಲೊಂಬೆಗೆ,

ನನ್ನ ಮಗಳು ಚಿಲೆಶೆಯ ಮದುವೆಯ ಮಾತಿಗೆ ಒಟ್ಟು ಏನೇನು ಖರ್ಚಾಯಿತು ಎಂದು ಕೇಳಿದ್ದೀಯ. ನಾನು ಕೂಡಿಸಿ ಇಟ್ಟೇ ಇರುತ್ತೇನೆಂದು ನಿನಗೆ ಗೊತ್ತು. ಬರೆದುಕೊ. ಕಾಗದ ಹನ್ನೊಂದು, ನನ್ನವು ಆರು, ನಿನ್ನವು ಐದು. ಕೋಳಿ ಎರಡು. ಅಂಗಡಿ ತೆರೆಯದ ಶನಿವಾರ ಮೂರು; ಸಲೌಲದ, ಹಳೆಬಟ್ಟೆಯ, ಸಂತೆಯಲ್ಲಿ ಶನಿವಾರವೆಂದರೆ ಏನೆಂದು ರೈಲಿನವರಿಗೆ ಬಿಡಿಸಿ ಹೇಳುವಷ್ಟು ಉಸಿರು ನನ್ನಲ್ಲಿ ಉಳಿದಿಲ್ಲ. ಹಾಡಿಸುವವನಿಲ್ಲದೆ ಹೋದ ಭಾನುವಾರ ಒಂದು, ಅದು ಇಡೀ ಇಗರ್ಜಿಯ ನಷ್ಟ. ಸುಳ್ಳು ಒಂದು, ನನ್ನದು. ಬಾಯಿ ಮುಚ್ಚಿಕೊಂಡ ವಾರ ಹನ್ನೊಂದು, ನಿನ್ನವು.

ನಾನು ಅಂಗಡಿಯ ರಸೀದಿ ಪುಸ್ತಕದಲ್ಲೇ ಕಾಗದ ಬರೆಯುವವಳು. ಕಾರ್ಬನ್ ಕೆಳಗೆ ಒಂದು ಪ್ರತಿ ಉಳಿಯುತ್ತದೆ. ಹಳೆಬಟ್ಟೆ ಮಾರುವವಳು ತಾನು ಆಡಿದ್ದನ್ನು ಮರೆತರೆ ಆಡದೇ ಇದ್ದದ್ದನ್ನೂ ಗಿರಾಕಿ ಅವಳ ತಲೆಗೆ ಕಟ್ಟುತ್ತಾನೆ. ನನ್ನ ಪ್ರತಿಗಳನ್ನೂ ನಿನ್ನ ಕಾಗದಗಳನ್ನೂ ತಾರೀಖಿನ ಪ್ರಕಾರ ಜೋಡಿಸಿ, ಹಳೆಬಟ್ಟೆ ಮೂಟೆಯಾಗಿ ಬರುವ ಬೇಲಿನ ಪಟ್ಟಿಯಿಂದ ಬಿಗಿದು ಗಾರ್ಡಿನ ಕೈಯಲ್ಲಿ ಕಳಿಸಿದ್ದೇನೆ. ಯಾರಿಗೆ ಏನು ಸಿಕ್ಕಿತು ಎಂಬುದು ಕಟ್ಟಿನ ತಳದ ಹಾಳೆಯಲ್ಲಿದೆ. ಬೇರೆಯವರಾಗಿದ್ದರೆ ಅದನ್ನು ಮೊದಲು ತೆಗೆಯಬೇಡ ಎನ್ನಬೇಕಿತ್ತು. ನೀನು ರೈಲ್ವೆ ಸೇರಿದಂದಿನಿಂದ ಎರಡನೆಯದನ್ನು ಮೊದಲು ಮಾಡಿದವನಲ್ಲ.

ನಿನ್ನ ಅಕ್ಕ
ನ್ಕಾಂಡು


ಕಿಟ್ವೆ
೯ ಫೆಬ್ರವರಿ ೧೯೯೮

ತಮ್ಮ ಲೊಂಬೆಗೆ,

ಶನಿವಾರ ಬೆಳಿಗ್ಗೆ ಹೊಸ ಬೇಲ್ ಒಡೆಯಲು ಕತ್ತರಿ ಹಿಡಿದಿದ್ದೆ. ಮುದುಕ ಚಿಬೇಸ ಬಂದು ಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ಗಂಟಿನ ದುಂಡು ನೋಡಿದರೇ ತಿಳಿಯಿತು, ಒಂದರ ಮೇಲೊಂದು ಕವಿಚಿದ ತಟ್ಟೆ, ಹೆಣ್ಣು ಕೇಳುವ ತಟ್ಟೆ.

"ಬನಾ ಚಿಲೆಶೆ, ಚಿಲೆಶೆಯ ತಾಯೀ, ನಿಮ್ಮ ಹಿತ್ತಲಲ್ಲಿ ಒಳ್ಳೇ ಹ್ಯಾಟೆ ಒಂದು ಓಡಾಡ್ತಿದೆ ಅಂತ ಸುದ್ದಿ," ಎಂದ.

"ತಾತ, ನಾವು ಕೋಳಿ ಮಾರೋರಲ್ಲ, ಬಟ್ಟೆ ಮಾರೋರು."

"ಹೊಸ ಬಟ್ಟೆ ಹಾಕೋ ವಯಸ್ಸು ನಂಗಿಲ್ಲ. ಸುಮ್ನೆ ಇಸ್ಕೊ."

ಇಸಿದುಕೊಂಡೆ. ಕ್ವಾಚಾ ನೋಟುಗಳ ಮೇಲೆ ಬಿಳಿ ಮಣಿಸರ ಇಟ್ಟಿದ್ದರು, ಅಚ್ಚುಕಟ್ಟಾಗಿ. ಮುದುಕನಿಗೆ ಕೋಳಿ ಕೊಯ್ದು ಮೆಕ್ಕೆಜೋಳದ ಮುದ್ದೆ ನ್ಶಿಮ ಉಣ್ಣಿಸಿ ಕಳಿಸಿದೆ. ಮುದುಕನನ್ನು ಕಳಿಸಿದ ಹುಡುಗನ ಹೆಸರು ಕಪಾಸ. ಗಣಿಯ ಬಡಗಿ ಶೆಡ್ಡಿನಲ್ಲಿ ಕೆಲಸ. ಭಾನುವಾರ ನಮ್ಮ ಇಗರ್ಜಿಯಲ್ಲಿ ಹಾಡಿಸುವವನು ಅವನೇ. ಚಿಲೆಶೆಗೆ ಅವನು ಬೇಕು, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಎರಡು ವರ್ಷದಿಂದ ಅವನ ಕೈ ನೋಡುತ್ತಾ ಮೊದಲ ಸಾಲಿನಲ್ಲಿ ನಿಂತು ಹಾಡುತ್ತಿದ್ದಾಳೆ.

ಈಗ ನನ್ನ ಮಾತು ಕೇಳು. ಹದಿನೇಳು ವರ್ಷದಿಂದ ಬೇಲ್ ಒಡೆಯುತ್ತಿದ್ದೇನೆ. ಒಂದು ಬಟ್ಟೆಗೆ ಮೂರು ಉಸಿರಿನ ಹೊತ್ತು, ಮೂರೇ ಜಾಗ: ಒಳ್ಳೆಯದು ಹ್ಯಾಂಗರಿಗೆ, ಸುಮಾರಿನದು ಮೇಜಿಗೆ, ಉಳಿದದ್ದು ನೆಲಕ್ಕೆ. ಈಗೀಗ ಮನುಷ್ಯರನ್ನೂ ಹಾಗೆಯೇ ಮುಗಿಸುತ್ತೇನೆ. ಹೊಸ ಪಾದ್ರಿ ಹ್ಯಾಂಗರಿಗೆ. ನಿನ್ನ ಹೆಂಡತಿಯ ಅಣ್ಣ ನೆಲಕ್ಕೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನೆ ಇಗರ್ಜಿಯಲ್ಲಿ ಕಪಾಸ ಬೂದು ಕೋಟು ಹಾಕಿಕೊಂಡು ಬಂದಿದ್ದ. ಹಾಡಿಸಲು ಕೈ ಎತ್ತಿದಾಗ ಕೋಟು ತೆರೆಯಿತು. ಎಡಗಡೆಯ ಒಳಜೇಬು ಜೋತುಬಿದ್ದಿದೆ, ಅಸ್ತರಿ ಎಳೆದುಕೊಂಡಿದೆ, ಜೇಬಿನ ಬಾಯಿ ಕಪ್ಪಾಗಿದೆ. ದಿನಾ ಅರ್ಧ ಬಾಟಲಿ ಇಟ್ಟು ತೆಗೆದರೆ ಮಾತ್ರ ಜೇಬು ಹಾಗಾಗುತ್ತದೆ. ಚಿಲೆಶೆಯ ಅಪ್ಪನ ಕೋಟಿನಲ್ಲಿ ಅಂಥ ಜೇಬು ಇತ್ತು. ಅವನು ಹೇಗೆ ಸತ್ತ ಎಂದು ನಿನಗೆ ಬರೆಯಬೇಕಾಗಿಲ್ಲ.

ಸೋದರಮಾವ ಬಾಯಿ ಬಿಡದೆ ನಮ್ಮಲ್ಲಿ ಹೆಣ್ಣು ಹೊಸಿಲು ದಾಟುವುದಿಲ್ಲ. ಬೇಡ ಎಂದು ಎರಡು ಸಾಲು ಬರೆ. ಉಳಿದದ್ದು ನನಗಿರಲಿ.

ನ್ಕಾಂಡು


ಮುಕುಂಬಿ ಸ್ಟೇಷನ್
೨ ಮಾರ್ಚ್ ೧೯೯೮

ಅಕ್ಕ ನ್ಕಾಂಡುವಿಗೆ,

ನಿನ್ನ ೯ ಫೆಬ್ರವರಿಯ ಕಾಗದ ೨೫ಕ್ಕೆ ತಲುಪಿತು. ನೀನು ಹೇಳಿದ್ದು: ಕಪಾಸನ ಕಡೆಯಿಂದ ತಟ್ಟೆ ಬಂದಿದೆ. ತಟ್ಟೆ ಮನೆಯಲ್ಲಿದೆ. ಹುಡುಗಿಗೆ ಮನಸ್ಸಿದೆ. ಕೋಟಿನ ಎಡ ಒಳಜೇಬು ಜೋತುಬಿದ್ದಿದೆ. ಬೇಡ ಎಂದು ನಾನು ಬರೆಯಬೇಕು. ನಾನು ಕೇಳಿಸಿಕೊಂಡದ್ದು ಸರಿಯೆಂದು ಇಟ್ಟುಕೊಂಡು ಉತ್ತರ ಬರೆಯುತ್ತಿದ್ದೇನೆ.

ನಮ್ಮದು ಒಂಟಿ ಹಳಿ. ಮುಕುಂಬಿಗೂ ಮುಂದಿನ ಸ್ಟೇಷನ್ನಿಗೂ ನಡುವೆ ಒಂದೇ ಟೋಕನ್. ಅದು ಒಬ್ಬ ಡ್ರೈವರನ ಕೈಯಲ್ಲಿರುವಾಗ ಇನ್ನೊಂದು ಗಾಡಿ ಬಿಡುವಂತಿಲ್ಲ. ಹತ್ತೊಂಬತ್ತು ವರ್ಷದಲ್ಲಿ ನಾನು ಬಿಟ್ಟಿಲ್ಲ. ಚಿಲೆಶೆಯ ವಿಷಯದಲ್ಲಿ ೧೯೯೬ರಲ್ಲಿ ಸೊಸಾಲನ ಮನೆಯವರ ತಟ್ಟೆ ಇಸಿದುಕೊಂಡಿದ್ದೇವೆ. ನಾನೇ ಹೂಂ ಎಂದಿದ್ದೆ. ಅವನು ಬೋಟ್ಸ್ವಾನಕ್ಕೆ ಹೋದ. ತಟ್ಟೆಯನ್ನು ಅವರು ಕೇಳಲಿಲ್ಲ, ನಾವು ಕೊಡಲಿಲ್ಲ. ಅಂದರೆ ಆ ಗಾಡಿ ಇನ್ನೂ ಹಳಿಯ ಮೇಲಿದೆ. ಗಾಡಿ ದಾಟಿತು ಎಂದು ಆ ಕಡೆಯಿಂದ ಗಂಟೆ ಬಾರದೆ ಎರಡನೆಯದಕ್ಕೆ ನಾನು ಹೂಂ ಎನ್ನಲಾರೆ, ಊಹೂಂ ಎನ್ನಲಾರೆ.

ಸೊಸಾಲನ ದೊಡ್ಡಪ್ಪನಿಗೆ ಇವತ್ತೇ ಬರೆದಿದ್ದೇನೆ. ಉತ್ತರ ಬರುವವರೆಗೆ ಕಪಾಸನ ತಟ್ಟೆ ಹಾಗೇ ಇರಲಿ. ನೋಟು ಮುಟ್ಟಬೇಡ. ವಾಪಸೂ ಕಳಿಸಬೇಡ.

ಲೊಂಬೆ


ಕಿಟ್ವೆ
೨೨ ಮಾರ್ಚ್ ೧೯೯೮

ತಮ್ಮ ಲೊಂಬೆಗೆ,

ನಿನ್ನ ಕಾಗದ ಓದಿ ನೀರು ಕುಡಿದು ಮತ್ತೆ ಓದಿದೆ. ಸೊಸಾಲನ ತಟ್ಟೆಯಲ್ಲಿ ಈಗ ನನ್ನ ಟೊಮೆಟೊ ಇದೆ. ಅಂಚಿನ ಬಣ್ಣ ಹಾರಿದೆ. ಓಡಿಹೋದವನ ತಟ್ಟೆಗೆ ಕಾವಲು ಕೂರುವ ಮನುಷ್ಯನನ್ನು ಈ ದೇಶದಲ್ಲಿ ಹುಡುಕಿದರೆ ನೀನೊಬ್ಬನೇ ಸಿಗುತ್ತೀಯ.

ಎಂಟು ವರ್ಷದವನಿದ್ದಾಗ ನೀನು ಒಂದೇ ಹೊತ್ತಿಗೆ ಮೂವರ ಜೊತೆ ಜಗಳಾಡುತ್ತಿದ್ದೆ, ನಡುವೆ ಗೆಣಸನ್ನೂ ತಿನ್ನುತ್ತಿದ್ದೆ. ಈಗ ನಿನ್ನ ಹೆಂಡತಿ ಹೇಳುತ್ತಾಳೆ, ಉಪ್ಪು ಕೊಡು ಎಂದು ಕೇಳಿ ನೀನು ಕೊಡುವ ಮೊದಲೇ ಸೊಪ್ಪು ಕೊಡು ಎಂದರೆ ಕೈ ಅಲ್ಲೇ ನಿಂತುಬಿಡುತ್ತದಂತೆ. ರೈಲ್ವೆ ನಿನಗೆ ಒಂದು ಟೋಪಿ ಕೊಟ್ಟು ಅರ್ಧ ತಲೆ ಎತ್ತಿಕೊಂಡು ಹೋಗಿದೆ.

ತಟ್ಟೆ ಇರಬೇಕಾದ ಜಾಗದಲ್ಲಿದೆ, ಅದರ ಚಿಂತೆ ಬೇಡ. ಆ ಜೇಬನ್ನು ಚಿಲೆಶೆಗೂ ತೋರಿಸಿದೆ. ಹೋದ ಭಾನುವಾರ ಅವನು ಕೈ ಎತ್ತುವಾಗ ಅವಳ ಪಕ್ಕದಲ್ಲೇ ನಿಂತು, "ಅಲ್ನೋಡು, ಎಡಗಡೆ," ಎಂದೆ. ನೋಡಿದಳು. ಮನೆಗೆ ಬರುವಾಗ, "ಕೋಟು ತಾನೇ ಅವ್ವ," ಎಂದಳು. ಕೋಟು ತಾನೇ ಅಂತೆ. ನಮ್ಮ ಹೊಟ್ಟೆ ತುಂಬಿದ್ದು ಯಾವುದರಿಂದ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಸುಸ್ತಾಗಿತ್ತು.

ಬೇಗ ಬರೆ.

ನ್ಕಾಂಡು


ಮುಕುಂಬಿ ಸ್ಟೇಷನ್
೩೦ ಏಪ್ರಿಲ್ ೧೯೯೮

ಅಕ್ಕ ನ್ಕಾಂಡುವಿಗೆ,

ನಿನ್ನ ೨೨ ಮಾರ್ಚಿನ ಕಾಗದ ಬಂತು. ನೀನು ಹೇಳಿದ್ದು: ತಟ್ಟೆ ಇರಬೇಕಾದ ಜಾಗದಲ್ಲಿದೆ. ಜೇಬನ್ನು ಚಿಲೆಶೆಗೆ ತೋರಿಸಿದೆ. ಬೇಗ ಬರೆಯಬೇಕು.

ಸೊಸಾಲನ ದೊಡ್ಡಪ್ಪ ಉತ್ತರ ಕೊಟ್ಟಿಲ್ಲ. ಇನ್ನೊಂದು ಕಾಗದ ಹಾಕಿದ್ದೇನೆ.

೧೮ರ ಶನಿವಾರ ಇಲ್ಲಿಗೆ ಒಬ್ಬ ಪ್ರಯಾಣಿಕ ಬಂದಿದ್ದ. ಒಂದು ದಿನ ಇದ್ದು ಹೋದ. ನೀನು ಅವನ ವಿಷಯ ಕೇಳಿಲ್ಲವಾದ್ದರಿಂದ ಹೆಚ್ಚು ಬರೆಯುವುದಿಲ್ಲ.

ಲೊಂಬೆ


ಕಿಟ್ವೆ
೨೪ ಮೇ ೧೯೯೮

ತಮ್ಮ ಲೊಂಬೆಗೆ,

ಮುಕುಂಬಿಯಲ್ಲಿ ಗಾಡಿಯಿಂದ ಒಬ್ಬ ಇಳಿದರೆ ಅದೇ ದೊಡ್ಡ ಸುದ್ದಿ, ಬರೆದುಕೊ ಹೋಗಲಿ. ತಪಾಸಣೆಯವರಿರಬೇಕು. ನಿನ್ನ ಪ್ರಯಾಣಿಕರು ನನಗೆ ಬೇಡ, ಉತ್ತರ ಬೇಕು.

ಚಳಿ ಶುರುವಾಗಿದೆ, ಕೋಟಿನ ಬೇಲುಗಳು ಬರುತ್ತಿವೆ. ಚಿಲೆಶೆಯ ಕೈ ನೋಡಿದರೆ ನೀನು ನಂಬುವುದಿಲ್ಲ. ಮೊದಲು ಹಾಡು ಗುನುಗುತ್ತಾ ಒಂದೊಂದು ಅಂಗಿಯನ್ನೂ ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು, ಸಂಜೆಗೆ ಅರ್ಧ ಬೇಲ್. ಈ ತಿಂಗಳಿಂದ ಗುನುಗುವುದು ನಿಂತಿದೆ, ಕೈ ಓಡುತ್ತದೆ. ದಿನಕ್ಕೆ ಎರಡು ಬೇಲ್ ಒಡೆಯುತ್ತೇವೆ. ಕಂಕುಳು, ಕಾಲರು, ಮೊಣಕೈ, ಮುಗಿಯಿತು. ಮೊನ್ನೆ ಒಬ್ಬಳು ಬಂದು ಸ್ಕರ್ಟಿಗೆ ಚೌಕಾಸಿ ಮಾಡಿದಳು. ಚಿಲೆಶೆ ನನ್ನ ಕಿವಿಯಲ್ಲಿ, "ಇವಳು ತಗೊಳ್ಳಲ್ಲ ಅವ್ವ, ಚಪ್ಪಲಿ ಒಳಅಂಚು ಮಾತ್ರ ಸವೆದಿದೆ, ಇವಳು ಹಂಗೆ ನಡೆಯಲ್ಲ; ಇನ್ನೊಬ್ರ ಚಪ್ಪಲಿ, ಕೈಲಿ ಕಾಸಿಲ್ಲ," ಎಂದಳು. ಹಾಗೇ ಆಯಿತು. ಆ ಕಣ್ಣು ಬರಲು ನನಗೆ ಒಂಬತ್ತು ವರ್ಷ ಹಿಡಿದಿತ್ತು.

ಕಳೆದ ತಿಂಗಳು ಒಂದು ಭಾನುವಾರ ನಿನ್ನ ಆ ಕಪಾಸ ಇಗರ್ಜಿಗೇ ಬರಲಿಲ್ಲ. ಹಾಡಿಲ್ಲದೆ ಪೂಜೆ ಮುಗಿಯಿತು. ಎಲ್ಲಿ ಬಿದ್ದಿದ್ದನೋ. ನಾನು ಹೇಳಿರಲಿಲ್ಲವೇ?

ನ್ಕಾಂಡು


ಮುಕುಂಬಿ ಸ್ಟೇಷನ್
೬ ಜುಲೈ ೧೯೯೮

ಅಕ್ಕ ನ್ಕಾಂಡುವಿಗೆ,

ಸೊಸಾಲನ ದೊಡ್ಡಪ್ಪ ಬರೆದಿದ್ದಾನೆ. ಸೊಸಾಲನಿಗೆ ಅಲ್ಲೇ ಮದುವೆಯಾಗಿ ಇಬ್ಬರು ಮಕ್ಕಳಂತೆ. ತಟ್ಟೆಯನ್ನು ನಾವೇ ಇಟ್ಟುಕೊಳ್ಳಬೇಕಂತೆ. ಹಳಿ ಖಾಲಿಯಾಯಿತು. ಆದ್ದರಿಂದ ಈಗ ಎಲ್ಲವನ್ನೂ ಬರೆಯುತ್ತೇನೆ.

ಏಪ್ರಿಲ್ ೧೮ಕ್ಕೆ ಬಂದ ಪ್ರಯಾಣಿಕ ಕಪಾಸ. ಕಪಿರಿಯವರೆಗೆ ಬಸ್ಸು, ಅಲ್ಲಿಂದ ಗೂಡ್ಸ್ ಗಾಡಿಯ ಹಿಂದಿನ ಡಬ್ಬಿ. ನೀನು ಹೇಳಿದ ಭಾನುವಾರ ಅವನು ನನ್ನ ಬೆಂಚಿನ ಮೇಲೆ ಕೂತಿದ್ದ.

"ಮಾವ, ಒಂದು ಮಾತು ಕೇಳ್ಬೇಕಿತ್ತು," ಎಂದ.

ಗೂಡ್ಸ್ ಒಂದು ಸೆಕ್ಷನ್ನಿನಲ್ಲಿತ್ತು, ಇನ್ನೂ ದಾಟಿರಲಿಲ್ಲ. ತಡೆ ಎಂದು ಕೈ ಎತ್ತಿದೆ. ನಲವತ್ತು ನಿಮಿಷ ಸುಮ್ಮನೆ ಕೂತ. ನನ್ನ ಮಕ್ಕಳು ಕೂಡ ಅಷ್ಟು ಹೊತ್ತು ಕೂರುವುದಿಲ್ಲ. ಗಾಡಿ ಹೋದ ಮೇಲೆ ಹೇಳಿದ.

"ನನ್ನ ಬೇಡ ಅಂದಿರಂತೆ. ಯಾಕೆ ಅಂತ ಕೇಳ್ಕೊಂಡು ಹೋಗಣ ಅಂತ ಬಂದೆ. ಜಗಳಕ್ಕಲ್ಲ."

"ಯಾರು ಹೇಳಿದ್ದು?"

"ಚಿಬೇಸ ತಾತ. ಬನಾ ಚಿಲೆಶೆ ತಟ್ಟೆ ವಾಪಸ್ ಕೊಡುವಾಗ ಹೇಳಿದ್ರಂತೆ, ಹುಡುಗಿ ಮಾವ ಒಪ್ಪಲಿಲ್ಲ ಅಂತ."

ನಾನು ಬೇಡ ಎಂದೂ ಹೇಳಿಲ್ಲ, ಬೇಕು ಎಂದೂ ಹೇಳಿಲ್ಲ ಎಂದೆ. ಅವನು ನಕ್ಕ. "ಹಂಗಾದ್ರೆ ನನ್ನ ಗಾಡಿ ಇನ್ನೂ ಸ್ಟೇಷನ್ನಲ್ಲೇ ನಿಂತಿದೆ ಅನ್ನಿ." ಕಾಯಲು ಹೇಳಿದೆ. ಕಾಯುತ್ತೇನೆ ಎಂದ.

ನನ್ನ ಕೋಣೆಯಲ್ಲಿ ಎರಡು ಗಂಟೆಗಳಿವೆ, ಆ ಕಡೆಯ ಸ್ಟೇಷನ್ನಿನದು ಒಂದು, ಈ ಕಡೆಯದು ಒಂದು. ಎಷ್ಟು ಹೊಡೆಯಿತು ಎಂದು ಎಣಿಸುವುದು ನನ್ನ ಕೆಲಸ. ಅವನು ಕಿವಿಗೊಟ್ಟು, "ಮಾವ, ಈ ಎಡಗಡೆಯದು ಸರಿಯಾದ 'ಲಾ' ಸ್ವರ ಅಲ್ಲ, ಕೂದಲೆಳೆಯಷ್ಟು ಕೆಳಗಿದೆ. ಬಲಗಡೆಯದರ ಜೊತೆ ಹೊಡೆದ್ರೆ ಹಲ್ಲು ಜುಮ್ಮನ್ನುತ್ತೆ," ಎಂದ. ಹತ್ತೊಂಬತ್ತು ವರ್ಷದಲ್ಲಿ ಅವಕ್ಕೆ ಸ್ವರ ಇದೆಯೆಂದು ನನಗೆ ಗೊತ್ತಿರಲಿಲ್ಲ. ಅವನು ಹೋದ ಮೇಲೆ ಎರಡು ದಿನ ಸ್ವರವೇ ಕೇಳಿಸಿ ಎಣಿಕೆ ತಪ್ಪುತ್ತಿತ್ತು. ಆ ಕಡೆಯವನಿಗೆ ಮತ್ತೆ ಹೊಡೆ ಎಂದು ಫೋನು ಮಾಡಬೇಕಾಯಿತು. ಒಬ್ಬರ ಕಿವಿ ಇನ್ನೊಬ್ಬರಿಗೆ ಅಂಟಿಕೊಳ್ಳುತ್ತದೆ ಅಕ್ಕ.

ಕೋಟನ್ನು ಮೊಳೆಗೆ ನೇತುಹಾಕಿದ್ದ. ನೀನು ಬರೆದಿದ್ದೆಯಲ್ಲ, ಒಳಗೆ ನೋಡಿದೆ. ಜೇಬು ನೀನು ಹೇಳಿದ ಹಾಗೆಯೇ ಇತ್ತು. "ಇದರಲ್ಲಿ ಏನಿಡ್ತೀಯ?" ಎಂದು ಕೇಳಿದೆ.

"ಏನಿಡೋದು ಮಾವ, ತಳವೇ ಇಲ್ಲ. ಬಂದಾಗಲೇ ಹಿಂಗಿತ್ತು. ತಟ್ಟೆ ಕಳಿಸೋ ವಾರಕ್ಕೆ ಒಂದು ಕೋಟಿರಲಿ ಅಂತ ಚಿಲೆಶೆನೇ ಆರಿಸಿಕೊಟ್ಟಳು. ನಿಮ್ಮಕ್ಕನ ಮೇಜಿನಿಂದಲೇ."

ಆ ಜೇಬನ್ನು ಜೋಲಿಸಿದವನು ಯಾವ ಚಳಿದೇಶದವನೋ, ಅಕ್ಕ. ಬಾಟಲಿ ಇಡುತ್ತಿದ್ದನೋ ಪ್ರಾರ್ಥನೆಯ ಪುಸ್ತಕ ಇಡುತ್ತಿದ್ದನೋ. ನೀನು ಬೇಡ ಎಂದದ್ದು ಅವನಿಗೆ.

ತಟ್ಟೆ ವಾಪಸು ಹೋಗಿದೆ ಎಂದು ಏಪ್ರಿಲಿನಿಂದ ನನಗೆ ಗೊತ್ತು. ಮೊದಲ ಮಾತಿಗೆ ಉತ್ತರ ಬಾರದೆ ಎರಡನೆಯದನ್ನು ಎತ್ತಬಾರದೆಂದು ಸುಮ್ಮನಿದ್ದೆ. ಈಗ ಹೇಳುತ್ತೇನೆ. ಕಪಾಸನಿಗೆ ನನ್ನ ಒಪ್ಪಿಗೆ ಇದೆ.

ಲೊಂಬೆ


ಕಿಟ್ವೆ
೨೬ ಜುಲೈ ೧೯೯೮

ತಮ್ಮ ಲೊಂಬೆಗೆ,

ಹೌದು, ತಟ್ಟೆಯನ್ನು ಫೆಬ್ರವರಿ ೨೧ಕ್ಕೇ ವಾಪಸು ಕೊಟ್ಟೆ. ನಿನ್ನ ಉತ್ತರಕ್ಕೆ ಕಾಯಲಿಲ್ಲ. ನಿನ್ನ ಹೆಸರು ಹೇಳಿದೆ. ಮುದುಕ ಚಿಬೇಸನ ಎದುರು ನನ್ನ ಹೆಸರಿಗಿಂತ ನಿನ್ನದು ಸುಲಭವಾಗಿ ಬಾಯಿಗೆ ಬಂತು.

ಕೋಟು ನನ್ನದೇ. ಜನವರಿಯ ಕೊನೆಯ ಬೇಲ್. ಅದನ್ನು ಹ್ಯಾಂಗರಿಗೆ ಹಾಕದೆ ಮೇಜಿಗೆ ಎಸೆದವಳು ನಾನೇ, ಅದೇ ಜೇಬು ನೋಡಿ. ಎರಡು ವಾರದ ಮೇಲೆ ಮನುಷ್ಯನ ಮೈಮೇಲೆ ಕಂಡಾಗ ಕೋಟಿನ ಗುರುತು ಹತ್ತಲಿಲ್ಲ, ಜೇಬಿನ ಗುರುತು ಹತ್ತಿತು. ಕಲೆ ನೋಡಿ ಮೂಗು ಮುರಿಯುವ ಗಿರಾಕಿಗೆ ದಿನಾ ಹೇಳುವವಳು ನಾನು, "ಅದು ನಿಂದಲ್ಲ ತಾಯಿ, ಬಿಳಿಯರದ್ದು, ತೊಳೆದ್ರೆ ಹೋಯ್ತು." ಈ ಊರಿನಲ್ಲಿ ಯಾರ ಮೈಮೇಲಿನ ಸವೆತವೂ ಅವರದಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಬೇರೆ ಯಾವ ಕೆಲಸದವಳೂ ಈ ತಪ್ಪು ಮಾಡುತ್ತಿರಲಿಲ್ಲ.

ಇನ್ನೊಂದನ್ನೂ ಬರೆದುಬಿಡುತ್ತೇನೆ, ಕಾರ್ಬನ್ ಕೆಳಗೆ ಇರಲಿ. ಆ ಶನಿವಾರ ಗಂಟನ್ನು ನೋಡಿದ ಕೂಡಲೇ ನಾನು ಎಣಿಸಿದ್ದು, ಇವಳು ಹೋದರೆ ಬೇಲ್ ಒಡೆಯಲು ನನ್ನ ಎದುರು ಕೂರುವವರು ಯಾರು ಎಂದು. ಜೇಬು ಕಂಡದ್ದು ಮರುದಿನ.

ಈಗ ಏನು ಮಾಡಲಿ?

ನ್ಕಾಂಡು


ಮುಕುಂಬಿ ಸ್ಟೇಷನ್
೧೭ ಆಗಸ್ಟ್ ೧೯೯೮

ಅಕ್ಕ ನ್ಕಾಂಡುವಿಗೆ,

ಈಗ ಏನು ಮಾಡಬೇಕೆಂದು ಕೇಳಿದ್ದೀಯ. ಕೊಟ್ಟ ಸಿಗ್ನಲ್ ತಪ್ಪೆಂದು ತಿಳಿದರೆ, ಕೊಟ್ಟವನೇ ಬಾವುಟ ಹಿಡಿದು ಹಳಿಯ ಮೇಲೆ ನಡೆದುಹೋಗಿ, ಡ್ರೈವರನ ಮುಖ ನೋಡಿ ಹೇಳಬೇಕು. ಇನ್ನೊಬ್ಬರ ಕೈಯಲ್ಲಿ ಹೇಳಿಕಳಿಸುವಂತಿಲ್ಲ. ನಮ್ಮ ನಿಯಮ ಅಷ್ಟೇ.

ಲೊಂಬೆ


ಕಿಟ್ವೆ
೧೩ ಸೆಪ್ಟೆಂಬರ್ ೧೯೯೮

ತಮ್ಮ ಲೊಂಬೆಗೆ,

ನಿನ್ನೆ ನಡೆದುಹೋದೆ. ಬಾವುಟ ಇರಲಿಲ್ಲ, ಕಡಲೆಬೀಜ ಅರೆದು ಮಾಡಿದ ಕೋಳಿಯ ಪಾತ್ರೆ ತಲೆಯ ಮೇಲಿತ್ತು. ಹೆಣ್ಣಿನ ತಾಯಿ ತಟ್ಟೆ ಕೇಳಿಕೊಂಡು ಹುಡುಗನ ಬಾಗಿಲಿಗೆ ಹೋದದ್ದು ನಮ್ಮವರಲ್ಲಿ ಇದೇ ಮೊದಲಿರಬೇಕು. ಬೀದಿಯ ಹೆಂಗಸರೆಲ್ಲ ಬಟ್ಟೆ ಒಗೆಯುವುದನ್ನು ನಿಲ್ಲಿಸಿ ನೋಡಿದರು.

ಕಪಾಸ ಸ್ಟೂಲಿಗೆ ಕಾಲು ಕೂರಿಸುತ್ತಿದ್ದ. "ಬನ್ನಿ ಅವ್ವ. ಅದರ ಮೇಲೆ ಬೇಡ, ಅಂಟು ಒಣಗಿಲ್ಲ," ಎಂದ.

"ನಿನ್ನ ತಟ್ಟೆ ಇಸ್ಕೊಳ್ಳೋಕೆ ಬಂದೆ."

"ವಾಪಸ್ ಕೊಟ್ಟಿದ್ರಲ್ಲ."

"ಕೊಟ್ಟಿದ್ದೆ. ಅವಳ ಮಾವ ಏನೂ ಅಂದಿರಲಿಲ್ಲ. ಅಂದಿದ್ದು ನಾನು."

"ಗೊತ್ತಿತ್ತು," ಎಂದ, ಸುತ್ತಿಗೆ ಕೆಳಗಿಟ್ಟು. "ಚಿಬೇಸ ತಾತ ನಿಮ್ಮ ಮಾತನ್ನ ನಿಮ್ಮ ದನಿಯಲ್ಲೇ ಆಡಿ ತೋರಿಸಿದ್ರು. ಕೊನೇಲಿ ದನಿ ಮೇಲಕ್ಕೆ ಹೋಯ್ತು. ನಿಜ ಹೇಳೋರ ದನಿ ಇಳಿದು ನಿಲ್ತದೆ. ಅದಕ್ಕೇ ಮುಕುಂಬಿಗೆ ಹೋಗಿ ಕೇಳ್ಕೊಂಡು ಬಂದೆ."

"ಅಯ್ಯೋ, ನಿಂದೂ ಒಂದು ರೋಗ," ಎಂದೆ.

"ಹೌದು. ಶೆಡ್ಡಲ್ಲಿ ಗರಗಸ ಸ್ವರ ತಪ್ಪಿದ್ರೆ ಕೈ ಬಿಟ್ಟು ಎದ್ದೋಗ್ತೀನಿ. ಬೈಸ್ಕೊಂಡಿದೀನಿ. ಈಗ ನಿಮ್ಮ ದನಿ ಕೆಳಗೇ ಇದೆ. ಊಟ ಮಾಡಣ."

ಉಂಡೆವು. ಹುಡುಗ ನೆಟ್ಟಗೆ ಉಣ್ಣುತ್ತಾನೆ, ಮಾತಾಡುವಾಗ ನುಂಗಿ ಮಾತಾಡುತ್ತಾನೆ. ಏಳು ತಿಂಗಳ ಮೇಲೆ ಮೊದಲ ಸಲ ಅವನ ಮುಖ ನೋಡಿದೆ ಎನ್ನಬೇಕು. ಅಗಲ ಮುಖ. ಕುಡುಕರ ಕಣ್ಣಲ್ಲ ಅವು. ಏಳುವಾಗ ಅದೇ ತಟ್ಟೆಗಳನ್ನು, ಅದೇ ಬಿಳಿ ಬಟ್ಟೆಯಲ್ಲಿ, ತಂದು ನನ್ನ ಕೈಯಲ್ಲಿಟ್ಟ. ನೋಟುಗಳನ್ನು ಮುಟ್ಟಿರಲಿಲ್ಲ.

"ಆದ್ರೆ ಅವಳು ಜುಲೈಯಿಂದ ಹಾಡೋಕೆ ಬರ್ತಿಲ್ಲ ಅವ್ವ. ಬೀದಿಯಲ್ಲಿ ಸಿಕ್ಕಿದ್ರೆ ಮಾತಾಡ್ತಾಳೆ, ನನ್ನ ಮುಖ ನೋಡಲ್ಲ. ಭುಜ ನೋಡ್ತಾಳೆ, ಮೊಣಕೈ ನೋಡ್ತಾಳೆ. ಈ ಸಲ ಮೊದಲು ಅವಳನ್ನ ಕೇಳಿ."

ಹಾಡಿಗೆ ಹೋಗದೆ ಇದ್ದದ್ದು ನನಗೂ ಗೊತ್ತಿತ್ತು. ಚಳಿಗಾಲದ ಕೆಲಸ, ಸುಸ್ತಾಗಿದ್ದಾಳೆ ಎಂದುಕೊಂಡಿದ್ದೆ. ತಟ್ಟೆ ನನ್ನ ಮಂಚದ ಕೆಳಗಿದೆ. ಕೇಳಬೇಕು. ಹೇಗೆ ಕೇಳಬೇಕೆಂದು ತಿಳಿಯದು. ಇವತ್ತಿನವರೆಗೆ ಅವಳನ್ನು ನಾನು ಏನನ್ನೂ ಕೇಳಿಲ್ಲ, ಹೇಳಿದ್ದೇನೆ ಅಷ್ಟೇ.

ನ್ಕಾಂಡು


ಕಿಟ್ವೆ
೧೧ ಅಕ್ಟೋಬರ್ ೧೯೯೮

ತಮ್ಮ ಲೊಂಬೆಗೆ,

ಕೇಳಿದೆ. ಹದಿನೈದು ದಿನ ಬಾಯಿಗೆ ಬರಲಿಲ್ಲ. ಕೊನೆಗೆ ಮಕ್ಕಳ ಬಟ್ಟೆಯ ಬೇಲ್ ಒಡೆಯುವಾಗ, ಕೈ ಕೆಲಸದಲ್ಲಿದ್ದಾಗ ಕೇಳಿದೆ. ನಿನ್ನ ಒಪ್ಪಿಗೆ ಹೇಳಿದೆ, ನನ್ನ ಸುಳ್ಳು ಹೇಳಿದೆ, ತಟ್ಟೆ ಮಂಚದ ಕೆಳಗಿದೆ ಎಂದೆ.

ಅವಳ ಕೈ ನಿಲ್ಲಲಿಲ್ಲ. ಹ್ಯಾಂಗರಿಗೆ, ನೆಲಕ್ಕೆ, ನೆಲಕ್ಕೆ, ಮೇಜಿಗೆ.

"ಬೇಡ ಅವ್ವ," ಎಂದಳು.

"ನನ್ನ ಮೇಲಿನ ಸಿಟ್ಟಿಗಾ?"

"ಸಿಟ್ಟಿಲ್ಲ. ಎರಡು ವರ್ಷ ಅವನ ಎದುರಿಗೆ ನಿಂತಿದ್ದೆ, ಒಂದು ಜೇಬೂ ಕಂಡಿರಲಿಲ್ಲ. ನೀನು ತೋರಿಸಿದೆ. ಈಗ ಅದೇ ಕಾಣ್ತದೆ."

"ಅದು ಅವನದಲ್ಲ ಕಣೇ. ನಮ್ಮ ಬೇಲಿಂದು. ನೀನೇ ಕೊಟ್ಟ ಕೋಟು."

"ಗೊತ್ತು. ನಾನೇ ಆರಿಸಿದ್ದು, ಮೊದಲ ದಿನದಿಂದ ಗೊತ್ತು. ಗೊತ್ತಿದ್ರೂ ಕಾಣ್ತದೆ. ಜೇಬಷ್ಟೇ ಅಲ್ಲ. ಹಾಡಿಸೋಕೆ ಕೈ ಎತ್ತಿದ್ರೆ ಕಂಕುಳ ಹೊಲಿಗೆ ನೋಡ್ತೀನಿ. ತಿರುಗಿದ್ರೆ ಹಿಮ್ಮಡಿ ನೋಡ್ತೀನಿ. ಅಲ್ಲಿ ನಿಂತ್ಕೊಂಡು ಅವನನ್ನ ಬೇಲಿಂದ ತೆಗೆದ ಹಾಗೆ ತೆಗೆದು ನೋಡ್ತಿರ್ತೀನಿ, ಹಾಡು ಎಲ್ಲಿಗೆ ಬಂತು ಅಂತ ಗೊತ್ತಾಗಲ್ಲ. ಹಾಡು ಕೇಳಿಸಲ್ಲ ಅವ್ವ. ಜೂನಲ್ಲಿ ಎರಡು ಸಲ ತಪ್ಪು ಜಾಗದಲ್ಲಿ ಬಾಯಿ ತೆರೆದೆ. ಅವನು ನಕ್ಕ. ನಾನು ಅವನ ಕಾಲರು ನೋಡ್ತಿದ್ದೆ."

"ಮದುವೆ ಆದ್ರೆ ಹೋಗುತ್ತೆ."

"ನಿನಗೆ ಹೋಯ್ತಾ?"

ಆಮೇಲೆ ಒಂದು ಪುಟ್ಟ ಸ್ವೆಟರನ್ನು ಬೆಳಕಿಗೆ ಹಿಡಿದು, "ಇದು ಹ್ಯಾಂಗರಿಗೆ," ಎಂದಳು. ಸರಿಯಾಗಿಯೇ ಹೇಳಿದಳು.

ತಟ್ಟೆಯನ್ನು ಮರುದಿನ ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ. ಯಾರ ಹೆಸರೂ ಹೇಳಲಿಲ್ಲ, ಅವಳು ಹೇಳಿದ್ದನ್ನೇ ಹೇಳಿದೆ. ಕಪಾಸ ಬಹಳ ಹೊತ್ತು ಕೇಳಿಸಿಕೊಂಡ. "ನಿಜಾನೇ ಹೇಳ್ತಿದೀರಿ," ಎಂದ.

ನ್ಕಾಂಡು


ಮುಕುಂಬಿ ಸ್ಟೇಷನ್
೧೬ ನವೆಂಬರ್ ೧೯೯೮

ಅಕ್ಕ ನ್ಕಾಂಡುವಿಗೆ,

ನಿನ್ನ ೧೧ ಅಕ್ಟೋಬರಿನ ಕಾಗದ ಬಂದು ಮೂರು ವಾರವಾಯಿತು. ನೀನು ಹೇಳಿದ್ದನ್ನು ಈ ಸಲ ತಿರುಗಿ ಬರೆಯುವುದಿಲ್ಲ.

ಒಂದೇ ಪ್ರಶ್ನೆ. ಏಪ್ರಿಲಿನಲ್ಲಿ ಅವಳಿಗೆ ಹಾಡು ಕೇಳಿಸುತ್ತಿತ್ತೇ? ಕಪಾಸ ಇಲ್ಲಿಂದ ಹೋದ ದಿನ ನಾನು ಎರಡು ಸಾಲು ಬರೆದಿದ್ದರೆ, ಆಗ ಕೇಳಿಸುತ್ತಿತ್ತೇ? ನಿನ್ನ ಹತ್ತಿರ ಪ್ರತಿಗಳಿರುತ್ತವೆ, ನೋಡಿ ಹೇಳು. ಮತ್ತೆ, ಇದಕ್ಕೆಲ್ಲ ಒಟ್ಟು ಏನೇನು ಖರ್ಚಾಯಿತು, ಅದನ್ನೂ ಬರೆ.

ನನ್ನ ಹೆಂಡತಿ ಉಪ್ಪು ಮತ್ತು ಸೊಪ್ಪು ಎರಡನ್ನೂ ಈಗ ಅವಳೇ ತೆಗೆದುಕೊಳ್ಳುತ್ತಾಳೆ.

ಲೊಂಬೆ


ಕಟ್ಟಿನ ತಳದ ಹಾಳೆ
೧೩ ಡಿಸೆಂಬರ್ ೧೯೯೮

ಲೊಂಬೆ, ಇಲ್ಲಿಯವರೆಗೆ ಬಂದಿದ್ದೀಯ ಎಂದರೆ ನಡುವೆ ಎರಡು ಗಾಡಿಯಾದರೂ ದಾಟಿರಬೇಕು.

ನಿನ್ನ ಪ್ರಶ್ನೆಗೆ ಉತ್ತರ ನನ್ನ ಮೇ ೨೪ರ ಪ್ರತಿಯಲ್ಲಿದೆ. ಆ ತಿಂಗಳವರೆಗೆ ಗುನುಗುತ್ತಿದ್ದಳು. ಅಂದರೆ ಏಪ್ರಿಲಿನಲ್ಲಿ ಕೇಳಿಸುತ್ತಿತ್ತು. ನಿಂತದ್ದನ್ನು ನಾನೇ ಬರೆದಿದ್ದೇನೆ, ಅದನ್ನೂ ಲಾಭದ ಕಡೆಗೆ ಹಾಕಿ ಬರೆದಿದ್ದೇನೆ. ನಿನ್ನ ಎರಡು ಸಾಲು ಬಂದಿದ್ದರೆ ಏನಾಗುತ್ತಿತ್ತೋ, ಬಾರದ ಬೇಲಿನಲ್ಲಿ ಏನಿತ್ತೆಂದು ನಾನು ಹೇಳುವವಳಲ್ಲ. ಜೇಬನ್ನು ತೋರಿಸಿದ ಬೆರಳು ನನ್ನದು. ಸುಮ್ಮನಿದ್ದವನು ನೀನು. ಯಾರದು ಎಷ್ಟು ಪಾಲು ಎಂದು ಹಂಚಲು ಕೂತರೆ ಇಬ್ಬರಿಗೂ ವಯಸ್ಸಾಗುತ್ತದೆ.

ಇನ್ನು ಯಾರಿಗೆ ಏನು ಸಿಕ್ಕಿತು ಎಂಬುದು. ಕಪಾಸ ಕಳೆದ ತಿಂಗಳು ಚಿಂಗೋಲದಲ್ಲಿ ಒಂದು ಹೆಣ್ಣು ಕೇಳಿದ. ನಾಲ್ಕು ದಿನದಲ್ಲಿ ಹೂಂ ಎಂದರು. ಹುಡುಗಿ ಕೆಳಸ್ವರದಲ್ಲಿ ಹಾಡುತ್ತಾಳಂತೆ. ಅವನಿಗೆ ಹೆಂಡತಿ ಸಿಕ್ಕಳು, ಅವಳಿಗೆ ನೆಟ್ಟಗೆ ಉಣ್ಣುವ ಗಂಡ ಸಿಕ್ಕ. ಮುದುಕ ಚಿಬೇಸನಿಗೆ ಎರಡು ಮನೆಯ ಊಟ ಸಿಕ್ಕಿತು. ಇಗರ್ಜಿಗೆ ಹಾಡು ಉಳಿಯಿತು, ಮೊದಲ ಸಾಲಿನಲ್ಲಿ ಒಬ್ಬಳು ಕಡಿಮೆ. ನಿನಗೆ ಖಾಲಿ ಹಳಿ ಸಿಕ್ಕಿತು. ಚಿಲೆಶೆಗೆ ಸಂತೆಯಲ್ಲಿ ಅವಳದೇ ಮೇಜು. ಜನ ನನ್ನನ್ನು ದಾಟಿ ಅವಳ ಹತ್ತಿರ ಹೋಗುತ್ತಾರೆ.

ನನಗೆ, ಬೇಲ್ ಒಡೆಯಲು ಎದುರಿಗೆ ಕೂರುವವಳು.

ನ್ಕಾಂಡು